ಐಸ್ ಪ್ಲಾಂಟಿನ ಅಮೋನಿಯಾ: ಮಾಲೀಕರು ಮಾಡಲೇಬೇಕಾದ ಕೆಲಸಗಳು

ಮಲ್ಪೆಯಲ್ಲಾಗಲಿ, ಮಂಗಳೂರಿನ ದಕ್ಕೆಯಲ್ಲಾಗಲಿ ಹಿಡಿದ ಮೀನು ಕೆಡದಿರುವುದು ಐಸ್ ಪ್ಲಾಂಟುಗಳಿಂದ. ನೀರನ್ನು ಹೆಪ್ಪುಗಟ್ಟಿಸಲು ಅಲ್ಲಿನ ಕೊಳವೆಗಳಲ್ಲಿ ಹರಿಸುವ ಅಮೋನಿಯಾ ಸೋರಿದರೆ ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡಬಲ್ಲದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಂತಿರುವಾಗಲೇ ಮಾಲೀಕರು ಈ ಕೆಲಸಗಳನ್ನು ಮುಗಿಸಿಕೊಳ್ಳುವುದು ಒಳಿತು.

ಮೊದಲು, ಘಟಕದಲ್ಲಿ ಎಷ್ಟು ಅಮೋನಿಯಾ ಇದೆ, ಯಾವ ವಾಲ್ವ್ ಮುಚ್ಚಿದರೆ ಯಾವ ಭಾಗ ಬೇರ್ಪಡುತ್ತದೆ ಎಂಬುದನ್ನು ನಕ್ಷೆಸಮೇತ ಬರೆದಿಡಬೇಕು. ಅನಿಲ ಪೂರೈಸುವವರಿಂದ ಅಮೋನಿಯಾದ ಅಪಾಯ, ಮುನ್ನೆಚ್ಚರಿಕೆಗಳನ್ನು ವಿವರಿಸುವ 16 ವಿಭಾಗಗಳ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯಬೇಕು. ಆ ಪತ್ರ ಇಂಗ್ಲಿಷಿನಲ್ಲಿ ಕಡತದೊಳಗಿದ್ದರೆ ಸಾಲದು. ತುಳು, ಕನ್ನಡ, ಹಿಂದಿ ಹೀಗೆ ಕೆಲಸಗಾರರು ಆಡುವ ಭಾಷೆಯಲ್ಲೇ ವಿವರಿಸಿ, ಅವರಿಂದ ತಿರುಗಿ ಹೇಳಿಸಿಕೊಳ್ಳಬೇಕು.

ಬಳಿಕ ಕೊಳವೆಗಳ ತಪಾಸಣೆ. ಕಡಲ ಉಪ್ಪುಗಾಳಿಯ ನಮ್ಮೂರಲ್ಲಿ ಥರ್ಮೋಕೋಲ್ ಹೊದಿಕೆಯ ಒಳಗೆ ಕಣ್ಣಿಗೆ ಬೀಳದಂತೆ ತುಕ್ಕು ಬೆಳೆಯುವುದರಿಂದ, ಹೊದಿಕೆ ಬಿಚ್ಚಿಸಿ ಲೋಹದ ದಪ್ಪವನ್ನು ಅಳೆಯಿಸಬೇಕು. ತಾಮ್ರ, ಹಿತ್ತಾಳೆಗಳನ್ನು ಅಮೋನಿಯಾ ತಿನ್ನುವುದರಿಂದ ಆ ಬಿಡಿಭಾಗಗಳು ಸಲ್ಲವು.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಎಣ್ಣೆ ತೆಗೆಯುವಾಗ. ಅನಿಲವನ್ನು ಒತ್ತಿ ದೂಡುವ ಕಂಪ್ರೆಸರ್‌ನಿಂದ ಅಮೋನಿಯಾದ ಜೊತೆ ಸಾಗುವ ಎಣ್ಣೆ ತಗ್ಗಿನ ಭಾಗಗಳಲ್ಲಿ ನಿಲ್ಲುತ್ತದೆ. ಅದನ್ನು ಹೊರಬಿಡುವಾಗ, ಎಣ್ಣೆ ಮುಗಿದೊಡನೆ ದ್ರವ ಅಮೋನಿಯಾ ಬೆನ್ನಿಗೇ ನುಗ್ಗಬಹುದು. ಆದ್ದರಿಂದ ಕೈಬಿಟ್ಟೊಡನೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಹಾಕಿಸಬೇಕು. ಲಿಖಿತ ಅನುಮತಿಯಿಲ್ಲದೆ, ತರಬೇತಿಯಿಲ್ಲದವರಿಂದ ಅಥವಾ ಒಬ್ಬರೇ ಇರುವಾಗ ಈ ಕೆಲಸ ಮಾಡಿಸಬಾರದು. ಕೆಲಸ ಬೇಗ ಮುಗಿಯಲೆಂದು ಇದರಲ್ಲಿ ಸಡಿಲ ಬಿಡುವುದು ಅಕ್ಷಮ್ಯ.

ಮಾಸ್ಕ್ ಕೊಟ್ಟರೆ ಹೊಣೆ ತೀರಿತೆಂದು ಹಲವರು ಭಾವಿಸುತ್ತಾರೆ. ಗಾಳಿಯನ್ನು ಸೋಸುವ ಡಬ್ಬಿಯಿರುವ ಕಾರ್ಟ್ರಿಜ್ ಮಾಸ್ಕ್ ಸಣ್ಣ ಸೋರಿಕೆಗಷ್ಟೇ. ದಟ್ಟ ಅನಿಲದಲ್ಲಿ ಸ್ವಂತ ಗಾಳಿ ಸಿಲಿಂಡರಿನ ಉಸಿರಾಟ ಸಾಧನವೇ ಬೇಕು, ಅದು ಯಂತ್ರದ ಕೋಣೆಯ ಹೊರಗೆ ಸಿಗುವಂತಿರಬೇಕು. ಕಣ್ಣಿಗೆ ತಗುಲಿದರೆ ತಕ್ಷಣವೇ ಕನಿಷ್ಠ 15 ನಿಮಿಷ ತೊಳೆಯಲು ಶುದ್ಧ ನೀರು ಹತ್ತಿರದಲ್ಲೇ ಇರಬೇಕು. ಹರಡುತ್ತಿರುವ ಅನಿಲವನ್ನು ನೀರಿನ ತುಂತುರು ತಗ್ಗಿಸುತ್ತದೆ. ಆದರೆ ನೆಲದಲ್ಲಿ ನಿಂತ ದ್ರವ ಅಮೋನಿಯಾಕ್ಕೆ ನೀರು ಸುರಿದರೆ ಅನಿಲ ಇನ್ನಷ್ಟು ಏಳುತ್ತದೆ.

1984ರ ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿಯು, ಅಪಾಯಕಾರಿ ವಸ್ತುಗಳ ಕೆಲಸಕ್ಕೆ ಹಚ್ಚುವ ಮೊದಲು ಮತ್ತು ಆನಂತರ 12 ತಿಂಗಳು ಮೀರದ ಅಂತರದಲ್ಲಿ ಕಾರ್ಮಿಕರ ವೈದ್ಯಕೀಯ ತಪಾಸಣೆ ಮಾಡಿಸಬೇಕೆಂದು ವಿಧಿಸಿತು. ತಮ್ಮದು ಚಿಕ್ಕ ಘಟಕವೆಂದು ನುಣುಚಿಕೊಳ್ಳದೆ ಎಲ್ಲ ಮಾಲೀಕರೂ ಇದನ್ನು ಪಾಲಿಸಬೇಕು.

ಕೊನೆಗೆ, ಗಾಳಿಗೆ ಅಡ್ಡಲಾಗಿ ಹೊರನಡೆಯುವ ದಾರಿಗಳನ್ನು ಗುರುತಿಸಿ, ಆಸುಪಾಸಿನ ಮನೆಯವರನ್ನೂ ಅಗ್ನಿಶಾಮಕ ಠಾಣೆಯನ್ನೂ ಸೇರಿಸಿಕೊಂಡು ಅಣಕು ಕಾರ್ಯಾಚರಣೆ ನಡೆಸಬೇಕು. ಬೋಟುಗಳು ಕಡಲಿಗಿಳಿಯುವ ಮುನ್ನವೇ ಅದು ಮುಗಿದಿರಬೇಕು.