ಸ್ರವಿಸುವುದನ್ನು ನಿಲ್ಲಿಸಿದ ಹೈಬ್ರಿಡೋಮದಿಂದ ಪ್ರತಿಕಾಯವನ್ನು ಮರಳಿ ಪಡೆದ ನನ್ನ ಅನುಭವ

ಹೈಬ್ರಿಡೋಮ ಎಂದರೆ ಪ್ರತಿಕಾಯ ಮಾಡುವ ಬಿ ಕೋಶವನ್ನು ಮೈಲೋಮ ಎಂಬ ಕ್ಯಾನ್ಸರ್ ಕೋಶದೊಡನೆ ಬೆಸೆದು (ಫ್ಯೂಷನ್) ಪಡೆದ, ಒಂದೇ ಬಗೆಯ ಪ್ರತಿಕಾಯವನ್ನು ಸ್ರವಿಸುವ ಕೋಶವಂಶ. ಪ್ರತಿಕಾಯವನ್ನು ಸ್ರವಿಸುವುದನ್ನೇ ನಿಲ್ಲಿಸಿದ ಹೈಬ್ರಿಡೋಮದ ಹಿಂದೆ ಬೀಳುವುದಕ್ಕಿಂತ ಹೊಸದಾಗಿ ಫ್ಯೂಷನ್ ಮಾಡುವುದೇ ಲೇಸೆಂದು ನನ್ನ ಹಿರಿಯ ಸಹೋದ್ಯೋಗಿಗಳೆಲ್ಲರೂ ಹೇಳಿದ್ದರು. ನಾನು ಒಪ್ಪಲಿಲ್ಲ. ಹತ್ತಿರ ಹತ್ತಿರ 1,400 ವೆಲ್‌ಗಳನ್ನು ಎಲೈಸಾದಲ್ಲಿ (ಪ್ರತಿಕಾಯ ಗುರಿಗೆ ಅಂಟುವುದನ್ನು ಬಣ್ಣದಿಂದ ತೋರಿಸುವ ಪರೀಕ್ಷೆಯಲ್ಲಿ) ಜಾಲಾಡಿದಾಗ ನಮಗೆ ಬೇಕಾದ ಎಪಿಟೋಪನ್ನು (ಪ್ರತಿಕಾಯ ಅಂಟುವ ತಾಣವನ್ನು) ಹಿಡಿದದ್ದು ಆ ಒಂದೇ ಕ್ಲೋನ್. ಮುಂದಿನ ಎರಡು ಫ್ಯೂಷನ್‌ಗಳಲ್ಲಿ ಅಂಥದ್ದು ಮತ್ತೆ ಸಿಗಲಿಲ್ಲ, ಕೋಶ ಬೆಳೆಸುವ ಸೀರಮ್ಮಿಗೆ ಸುರಿದ ಹಣವಷ್ಟೇ ಹೋಯಿತು.

ದ್ರವ ಸಾರಜನಕದಲ್ಲಿ ಆ ಕ್ಲೋನಿನ ಆರಂಭದ ಪ್ಯಾಸೇಜಿನ (ಮೊದಮೊದಲ ತಲೆಮಾರಿನ) ಎರಡು ವಯಲ್‌ಗಳು ಉಳಿದಿದ್ದವು. ಒಂದನ್ನು ಕರಗಿಸಿ ಬೆಳೆಸಲು ಹೋಗಿ ಕಳೆದುಕೊಂಡೆ. ಎರಡನೆಯದರಲ್ಲಿ ಹತ್ತರಲ್ಲಿ ಒಂದು ಕೋಶವೂ ಜೀವಂತವಿದ್ದಿರಲಾರದು. ಆದ್ದರಿಂದ ಅದನ್ನು ಬೆಳೆಸುವ ಆಸೆಯನ್ನು ಬಿಟ್ಟು, ಪ್ರತಿಕಾಯದ ಅನುಕ್ರಮವನ್ನಾದರೂ ಓದಿಕೊಳ್ಳೋಣವೆಂದು ಕರಗಿದ ಕೂಡಲೇ ಆರ್‌ಎನ್‌ಎ ತೆಗೆದೆ. ಪ್ರತಿಕಾಯದಲ್ಲಿ ಹೆವಿ ಮತ್ತು ಲೈಟ್ ಎಂಬ ಎರಡು ಬಗೆಯ ಸರಪಳಿಗಳಿವೆ, ಗುರಿಯನ್ನು ಹಿಡಿಯುವುದು ಎರಡರ ವಿ ಭಾಗಗಳು. ಹೆವಿ ಚೈನಿನ ವಿ ಭಾಗ ಮೊದಲ ಪಿಸಿಆರ್‌ನಲ್ಲಿಯೇ ಬಂದಿತು.

ಲೈಟ್ ಚೈನ್ ಮಾತ್ರ ನನ್ನ ಒಂದು ವರ್ಷವನ್ನು ನುಂಗಿತು. ನಮ್ಮ ಫ್ಯೂಷನ್ನಿಗೆ ಬಳಸಿದ್ದ ಎಸ್‌ಪಿ2/0 ಕೋಶಗಳ ಮೂಲ ಎಂಒಪಿಸಿ-21 ಎಂಬ ಮೈಲೋಮ. ಹೈಬ್ರಿಡೋಮ ವಿಧಾನವನ್ನು ಕಂಡುಹಿಡಿದ ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಬಳಸಿದ ಕೋಶಗಳೂ ಇದೇ ವಂಶದವು. ಈ ವಂಶದ ಕೋಶಗಳು ತಮ್ಮದೇ ಒಂದು ಕೆಟ್ಟ, ಕಪ್ಪಾ ಬಗೆಯ ಲೈಟ್ ಚೈನಿನ ಎಂಆರ್‌ಎನ್‌ಎಯನ್ನು ತಯಾರಿಸುತ್ತಲೇ ಇರುತ್ತವೆ. ವಿ ಮತ್ತು ಜೆ ಎಂಬ ಜೀನ್ ತುಣುಕುಗಳು ಕೂಡುವಲ್ಲಿ ಅದರ ರೀಡಿಂಗ್ ಫ್ರೇಮ್ (ಮೂರು ಮೂರು ಅಕ್ಷರಗಳಾಗಿ ಓದುವ ಕ್ರಮ) ತಪ್ಪಿ ಓದನ್ನು ಅಲ್ಲಿಗೇ ನಿಲ್ಲಿಸುವ ಸ್ಟಾಪ್ ಕೋಡಾನ್ ಬರುವುದರಿಂದ ಪ್ರೋಟೀನ್ ಆಗುವುದಿಲ್ಲ, ಆದರೆ ಪಿಸಿಆರ್ ಆರಂಭಿಸುವ ಚಿಕ್ಕ ಡಿಎನ್‌ಎ ತುಣುಕುಗಳಾದ ಪ್ರೈಮರ್‌ಗಳಿಗೆ ಆ ಭೇದ ತಿಳಿಯುವುದಿಲ್ಲ. ನಾನು ಸೀಕ್ವೆನ್ಸಿಂಗಿಗೆ ಕಳುಹಿಸಿದ ಪಿಸಿಆರ್ ಪ್ರತಿಗಳನ್ನು ಹೊತ್ತ ಸುಮಾರು 40 ಬ್ಯಾಕ್ಟೀರಿಯಾ ಕಾಲೊನಿಗಳಲ್ಲಿ ಒಂದರಲ್ಲಿಯೂ ನಿಜವಾದ ಲೈಟ್ ಚೈನ್ ಇರಲಿಲ್ಲ. ಅಷ್ಟರಲ್ಲಿ ಆ ವರ್ಷದ ರಾಸಾಯನಿಕಗಳ ಅನುದಾನದಲ್ಲಿ ಅರ್ಧದಷ್ಟು ಮುಗಿದಿತ್ತು.

ಕೆಟ್ಟ ಪ್ರತಿಯನ್ನು ರಿಸ್ಟ್ರಿಕ್ಷನ್ ಎನ್‌ಜೈಮಿನಿಂದ ಕತ್ತರಿಸಿ ನೋಡಿದೆ. ಕತ್ತರಿಸದೆ ಉಳಿದ ಸ್ವಲ್ಪವೇ ಮುಂದಿನ ಪಿಸಿಆರ್‌ನಲ್ಲಿ ಮತ್ತೆ ಹೆಚ್ಚಿಕೊಂಡಿತು. ಅನಂತರ ಆ ತಪ್ಪು ಜೋಡಣೆಯ ಮೇಲೆಯೇ ಕೂರುವಂತೆ, ಅಲ್ಲಿಂದ ನಕಲು ಬೆಳೆಯದಂತೆ 3' ತುದಿಯನ್ನು ಮುಚ್ಚಿದ ಆಲಿಗೋವನ್ನು (ಚಿಕ್ಕ ಡಿಎನ್‌ಎ ತುಣುಕನ್ನು) ಹಾಕಿದೆ. ಅದೂ ಫಲಿಸಲಿಲ್ಲ, ಏಕೆಂದರೆ ಪಿಸಿಆರ್‌ನಲ್ಲಿ ನಕಲು ಮಾಡುವ ಎನ್‌ಜೈಮ್ ಟ್ಯಾಕ್ ತನ್ನ 5' ಕಡೆಯ ಎಕ್ಸೊನ್ಯೂಕ್ಲಿಯೇಸ್ ಗುಣದಿಂದ ಅಡ್ಡವಿದ್ದ ಡಿಎನ್‌ಎಯನ್ನು ಕಡಿದುಕೊಂಡು ಮುಂದೆ ಸಾಗುತ್ತದೆ. ಇದು ನನಗೆ ಹೊಳೆಯಲು ಮೂರು ತಿಂಗಳು ಬೇಕಾಯಿತು. ಕೊನೆಗೆ ಎನ್‌ಜೈಮ್ ಕಡಿಯಲಾರದ ಪೆಪ್ಟೈಡ್ ನ್ಯೂಕ್ಲಿಯಿಕ್ ಆಮ್ಲದಲ್ಲಿ (ಡಿಎನ್‌ಎಯಂತೆಯೇ ಜೋಡಿಯಾಗಿ ಕೂರುವ ಕೃತಕ ಅಣುವಿನಲ್ಲಿ) ಅದೇ ಅನುಕ್ರಮವನ್ನು ಮಾಡಿಸಿದೆ. ಬೆಲೆ ಸಾಮಾನ್ಯ ಆಲಿಗೋವಿನ ಹತ್ತಾರು ಪಟ್ಟು, ಆದರೆ ಒಂದು ಚಿಕ್ಕ ಟ್ಯೂಬು ಇಂದಿಗೂ ಮುಗಿದಿಲ್ಲ. ಆ ಸಲ 12 ಕಾಲೊನಿಗಳಲ್ಲಿ 8 ಅಥವಾ 9 ಸರಿಯಾದವೇ ಬಂದವು. ಆ ಕೃತಕ ಅಣುವನ್ನು ಯಾವ ಬೇಸಿನಿಂದ ಆರಂಭಿಸಬೇಕು, ಯಾವ ತಾಪದಲ್ಲಿ ಎಷ್ಟು ಹೊತ್ತು ಕೂರಲು ಬಿಡಬೇಕು ಎಂಬುದನ್ನು ಸದ್ಯಕ್ಕೆ ನನ್ನ ಪುಸ್ತಕದಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಎರಡೂ ವಿ ಭಾಗಗಳನ್ನು ಗ್ಲೈಸಿನ್-ಸೆರಿನ್‌ಗಳ 15 ಅಮೈನೋ ಆಮ್ಲದ ಕೊಂಡಿಯಿಂದ ಜೋಡಿಸಿ ಬಿಎಲ್21 ಎಂಬ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಹಾಕಿದಾಗ, ನಿರೀಕ್ಷಿಸಿದಂತೆ, ಎಲ್ಲವೂ ಇನ್‌ಕ್ಲೂಷನ್ ಬಾಡಿಗಳಿಗೆ, ಅಂದರೆ ಸರಿಯಾಗಿ ಮಡಿಕೆಗೊಳ್ಳದ ಪ್ರೋಟೀನಿನ ಮುದ್ದೆಗಳಿಗೆ, ಹೋಯಿತು. ಬೆಳೆಸುವ ತಾಪವನ್ನು 18 ಡಿಗ್ರಿಗೆ ಇಳಿಸಿದ್ದರಿಂದ ಹೇಳಿಕೊಳ್ಳುವ ಲಾಭವಾಗಲಿಲ್ಲ. ಆ ಮುದ್ದೆಗಳನ್ನು 6 ಮೋಲಾರ್ ಗ್ವಾನಿಡಿನ್‌ನಲ್ಲಿ ಕರಗಿಸಿ, 0.4 ಮೋಲಾರ್ ಆರ್ಜಿನಿನ್ ಮತ್ತು ಗ್ಲುಟಥಯೋನಿನ ಉತ್ಕರ್ಷಿತ-ಅಪಕರ್ಷಿತ ಜೋಡಿಯಿದ್ದ ಬಫರಿಗೆ, ಮತ್ತೆ ಮಡಿಕೆಗೊಳ್ಳಲೆಂದು, ಹನಿಹನಿಯಾಗಿ ಬಿಟ್ಟು, 4 ಡಿಗ್ರಿಯಲ್ಲಿ ಎರಡು ರಾತ್ರಿ ಇಟ್ಟೆ. ಲೀಟರ್ ಕಲ್ಚರಿಗೆ ನಾಲ್ಕೈದು ಮಿಲಿಗ್ರಾಂ ಸರಿಯಾಗಿ ಮಡಿಕೆಗೊಂಡ ಪ್ರೋಟೀನ್ ದೊರೆಯಿತು, ಎಲೈಸಾದಲ್ಲಿ ಅದು ಹಳೆಯ ಎಪಿಟೋಪನ್ನೇ ಹಿಡಿಯಿತು. ಒಂದೇ ಬಂಧಕ ತಾಣವಿರುವುದರಿಂದ ಹಿಡಿತ ಎರಡು ತಾಣಗಳಿರುವ ಪೂರ್ಣ ಪ್ರತಿಕಾಯ ಐಜಿಜಿಯಷ್ಟಿರಲಿಲ್ಲ.

ಆ ಕೊರತೆಯೇ ನನ್ನನ್ನು ಇನ್ನೊಂದು ಪ್ರಯೋಗಕ್ಕೆ ಎಳೆಯಿತು. ಕೊಂಡಿಯನ್ನು 5 ಅಮೈನೋ ಆಮ್ಲಗಳಿಗೆ ಕುಗ್ಗಿಸಿದರೆ ಒಂದೇ ಸರಪಳಿಯ ಎರಡು ಭಾಗಗಳು ತಮ್ಮೊಳಗೆ ಕೂಡಲಾರದೆ ಪಕ್ಕದ ಸರಪಳಿಯೊಡನೆ ಜೋಡಿಯಾಗಿ, ಎರಡು ಬಂಧಕ ತಾಣಗಳುಳ್ಳ ಡಯಾಬಾಡಿ ಆಗುತ್ತವೆ. ಇಳುವರಿ ಮೂರನೇ ಒಂದಕ್ಕೆ ಬಿದ್ದರೂ ಎಲೈಸಾದ ಸಿಗ್ನಲ್ ಸುಮಾರು ನಾಲ್ಕು ಪಟ್ಟಾಯಿತು.

ಹೊಸ ಫ್ಯೂಷನ್ ಮಾಡೆಂದು ಹೇಳಿದವರಲ್ಲಿ ಒಬ್ಬರು ಕಳೆದ ವರ್ಷ ತಮ್ಮ ಫ್ರೀಜರಿನಿಂದ, ಬೆಳೆಯದೆ ನಿಂತುಹೋದ ಒಂದು ಕ್ಲೋನಿನ ವಯಲನ್ನು ನನಗೇ ತಂದುಕೊಟ್ಟರು. ಅದರ ಎರಡೂ ಸರಪಳಿಗಳ ಅನುಕ್ರಮವನ್ನು ಆರು ವಾರಗಳಲ್ಲಿ ಅವರ ಕೈಗಿಟ್ಟೆ.