ಟರ್ನ್‌ಟೇಬಲ್ ಕೊಳ್ಳುವ ಮುಂಚೆ ಅಟ್ಟ ಹತ್ತಿ

ಹಳೇ ಟರ್ನ್‌ಟೇಬಲ್ ತರಬೇಕು, ಹಾಡಿನ ಪ್ಲೇಟು (ರೆಕಾರ್ಡ್) ಕೂಡಿಹಾಕಬೇಕು ಅಂತ ಆಸೆ ಹುಟ್ಟಿದೆಯಾ? ಅಂಗಡಿಗೆ ಆಮೇಲೆ ಹೋಗಿ. ಮೊದಲು ಮನೆಯ ಅಟ್ಟ ಹತ್ತಿ. ಅಪ್ಪನದೋ ಅಜ್ಜನದೋ ಪ್ಲೇಟುಗಳು ಟ್ರಂಕಿನಲ್ಲಿದ್ದರೆ ಕೆಳಗಿಳಿಸಿ, ಲೇಬಲ್ ಮೇಲಿನ ವೇಗ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದನ್ನು ನೋಡಿ. ಯಾವ ಯಂತ್ರ ಬೇಕು ಅನ್ನುವುದನ್ನು ಅದೇ ಹೇಳುತ್ತದೆ.

78 ಎಂದಿದ್ದು, ಕೈಗೆ ಭಾರವಾಗಿದ್ದರೆ ಅದು ಅರಗಿನ ಪ್ಲೇಟು. ಬಿದ್ದರೆ ಮಡಕೆ ಥರ ಒಡೆಯುತ್ತದೆ. ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷದ ಹಾಡು ಅಷ್ಟೇ. 45 ಎಂದಿರುವ 7 ಇಂಚಿನ ಪುಟ್ಟ ಪ್ಲೇಟು ಇಪಿ. ಹಳೇ ಸಿನಿಮಾ ಹಾಡುಗಳು ಇದರಲ್ಲಿ ಬಹಳಷ್ಟು ಬಂದಿವೆ. 33⅓ ಇದ್ದರೆ ಎಲ್‌ಪಿ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದ ಈ 12 ಇಂಚಿನ ಪ್ಲೇಟಿನಲ್ಲಿ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಎಷ್ಟೋ ಟರ್ನ್‌ಟೇಬಲ್‌ಗಳಲ್ಲಿ 78ರ ವೇಗವೇ ಇರುವುದಿಲ್ಲ. ಇದ್ದರೂ ಮುಳ್ಳು (ಪ್ಲೇಟಿನ ಗೆರೆಯಲ್ಲಿ ಓಡುವ ಸೂಜಿ) ಬೇರೆ ಬೇಕು. 78ರ ಗೆರೆ ಅಗಲ, ಎಲ್‌ಪಿಯ ಸಣ್ಣ ಮುಳ್ಳು ಅದರ ತಳದಲ್ಲಿ ತಡಕಾಡುತ್ತದೆ.

ಅಟ್ಟದಲ್ಲಿ ಏನೂ ಸಿಗಲಿಲ್ಲವಾ? ಹಾಗಾದರೆ ನಿಮಗೆ ನಿಜವಾಗಿ ಕೇಳಬೇಕೆನಿಸುವ ಹತ್ತು ಪ್ಲೇಟುಗಳ ಪಟ್ಟಿ ಬರೆಯಿರಿ. ಅವು ಪ್ಲೇಟಾಗಿ ಬಂದಿವೆಯೋ ಇಲ್ಲವೋ ವಿಚಾರಿಸಿ. 80ರ ದಶಕದಲ್ಲಿ ಕ್ಯಾಸೆಟ್ ಬಂದು ಪ್ಲೇಟನ್ನು ಮೂಲೆಗೆ ತಳ್ಳಿತು. 90ರ ದಶಕದ ಕನ್ನಡ ಹಾಡೇ ನಿಮ್ಮ ಪ್ರಾಣವಾಗಿದ್ದರೆ ಹುಡುಕಾಟ ಕಷ್ಟ. ಪಟ್ಟಿ ಐದಕ್ಕೇ ನಿಂತುಹೋದರೆ ಆಸೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ. ಸುಮ್ನೆ ಶೋಕೇಸಿಗೆ ಇನ್ನೊಂದು ಸಾಮಾನು ಯಾಕೆ?

ಯಂತ್ರ ನೋಡುವಾಗ

ನಾನು ಮೊದಲ ಯಂತ್ರ ಕೊಂಡಿದ್ದು ಒಂದು ಭಾನುವಾರ, ಕರೆಂಟ್ ಪಾಯಿಂಟೇ ಇಲ್ಲದ ಫುಟ್‌ಪಾತಿನಲ್ಲಿ. ‘ವರ್ಕಿಂಗ್ ಕಂಡೀಷನ್ ಸಾರ್’ ಎನ್ನುತ್ತಾ ಮಾರುವವನು ಪ್ಲೇಟು ಕೂರುವ ತಟ್ಟೆಯನ್ನು ಬೆರಳಿನಿಂದ ತಿರುಗಿಸಿ ತೋರಿಸಿದ. ಮನೆಗೆ ತಂದು ತಟ್ಟೆ ಎತ್ತಿದರೆ ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನ ಹಾಗೆ ಮೆತ್ತಿಕೊಂಡಿತ್ತು. ಅದನ್ನು ಒರೆಸುವಷ್ಟರಲ್ಲಿ ಒಂದು ಸಂಜೆ, ಎರಡು ಬನಿಯನ್ ಹಾಳಾದವು. ಬೆಲ್ಟೇನೋ ಅಗ್ಗಕ್ಕೆ ಸಿಗುತ್ತದೆ. ಮೋಟಾರು ಕೆಟ್ಟಿದ್ದರೆ ಏನು ಗತಿ? ಹಾಗಾಗಿ ಕರೆಂಟ್ ಹಾಕಿ, ಪ್ಲೇಟು ಓಡಿಸಿ ತೋರಿಸದ ಯಂತ್ರಕ್ಕೆ ಗುಜರಿ ಬೆಲೆಗಿಂತ ಜಾಸ್ತಿ ಕೊಡಬೇಡಿ.

ಓಡಿಸಿದಾಗ ವೇಗ ಹೀಗೆ ನೋಡಿ. ತಟ್ಟೆಯ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ, ಫೋನಿನಲ್ಲಿ ಮೂರು ನಿಮಿಷ ಇಟ್ಟುಕೊಂಡು ಸುತ್ತು ಎಣಿಸಿ. 33⅓ರಲ್ಲಿ ಸರಿಯಾಗಿ ನೂರು ಸುತ್ತು ಆಗಬೇಕು. ಒಂದು ಹೆಚ್ಚು ಕಡಿಮೆಯಾದರೆ ತಲೆ ಕೆಡಿಸಿಕೊಳ್ಳಬೇಡಿ. 83ಕ್ಕೇ ನಿಂತರೆ ಅದು ಅಮೆರಿಕದ ಯಂತ್ರವಿರಬಹುದು. ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ಹಳೇ ಎಸಿ ಮೋಟಾರು ಈ ಲೆಕ್ಕದಲ್ಲೇ ಓಡುವುದರಿಂದ ಹಾಡುವವರೆಲ್ಲ ನಿದ್ದೆಗಣ್ಣಿನಲ್ಲಿ ಹಾಡಿದಂತೆ ಕೇಳುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇದನ್ನು ಸರಿಮಾಡುವುದಿಲ್ಲ. ಯಂತ್ರದ ಬೆನ್ನಿಗೆ ಅಂಟಿಸಿದ, ವೋಲ್ಟೇಜ್ ಬರೆದ ಪಟ್ಟಿಯನ್ನೂ ಓದಿ: ಜಪಾನಿನಿಂದ ಬಂದ ಯಂತ್ರ 100 ವೋಲ್ಟಿನದಾಗಿದ್ದರೆ ನಮ್ಮ 230ಕ್ಕೆ ನೇರ ಚುಚ್ಚಿದರೆ ಸುಟ್ಟೇ ಹೋಗುತ್ತದೆ.

ಆಮೇಲೆ ಮುಳ್ಳು. ಫೋನಿನ ಕ್ಯಾಮೆರಾ ಜೂಮ್ ಮಾಡಿ ತುದಿ ಮುರಿದಿದೆಯಾ, ಸೊಟ್ಟಗಿದೆಯಾ ನೋಡಿ. ವಜ್ರದ ಮುಳ್ಳಿನ ಆಯಸ್ಸು ಸುಮಾರು 500ರಿಂದ 1,000 ಗಂಟೆ. ಹಿಂದಿನವರು ಎಷ್ಟು ಗಂಟೆ ಓಡಿಸಿದ್ದಾರೋ ಯಾರಿಗೆ ಗೊತ್ತು? ಹೊಸ ಮುಳ್ಳಿನ ಬೆಲೆಯನ್ನು ಯಂತ್ರದ ಬೆಲೆಗೆ ಸೇರಿಸಿಯೇ ಚೌಕಾಸಿಗೆ ಇಳಿಯಿರಿ. ಆ ಮಾಡೆಲ್‌ಗೆ ಮುಳ್ಳು ಸಿಗದಿದ್ದರೆ ಯಂತ್ರ ಎಷ್ಟೇ ಚೆಂದವಿರಲಿ, ಬೇಡ.

ಇನ್ನು ಸದ್ದು. ಹಳೇ ಎಚ್‌ಎಂವಿ ಫಿಯೆಸ್ಟಾದಂಥ ಸೂಟ್‌ಕೇಸ್ ಯಂತ್ರಗಳಲ್ಲಿ ಸ್ಪೀಕರ್ ಒಳಗೇ ಇರುತ್ತದೆ. ಮ್ಯಾಗ್ನೆಟಿಕ್ ಕಾರ್ಟ್ರಿಡ್ಜ್ (ಮುಳ್ಳು ಕೂರುವ, ಅಯಸ್ಕಾಂತವಿರುವ ಪುಟ್ಟ ಡಬ್ಬಿ) ಇರುವ ಟರ್ನ್‌ಟೇಬಲ್‌ಗೆ ಮಾತ್ರ ಫೋನೋ ಪ್ರೀಆಂಪ್ ಎಂಬ ಪೆಟ್ಟಿಗೆ ಬೇಕೇ ಬೇಕು. ಅದಿಲ್ಲದೆ ನೇರ ಸ್ಪೀಕರಿಗೆ ಜೋಡಿಸಿದರೆ ಸೊಳ್ಳೆ ಹಾಡಿದ ಹಾಗಿರುತ್ತದೆ. ಪ್ಲೇಟು ಕೊರೆಯುವಾಗಲೇ ಮಂದ್ರವನ್ನು ತಗ್ಗಿಸಿ, ತಾರವನ್ನು ಏರಿಸಿರುತ್ತಾರೆ. ಅದನ್ನು ಮೊದಲಿನಂತೆ ಮಾಡುವುದೇ ಈ ಪ್ರೀಆಂಪ್ ಕೆಲಸ.

ಹಿತ್ತಾಳೆ ಕಹಳೆಯ, ಕೀಲಿ ಕೊಡುವ ಗ್ರಾಮಫೋನ್ ಕಂಡು ಮರುಳಾಗಬೇಡಿ. ಅಲಂಕಾರಕ್ಕೆಂದು ಹೊಸದಾಗಿ ಜೋಡಿಸಿದವೇ ಜಾಸ್ತಿ. ಅದರ ಉಕ್ಕಿನ ಸೂಜಿ ಎಲ್‌ಪಿ ಮೇಲೆ ಒಮ್ಮೆ ಓಡಿದರೆ ಪ್ಲೇಟಿನ ಕಥೆ ಮುಗಿಯಿತು.

ಪ್ಲೇಟು ಆರಿಸುವಾಗ

ಮೊದಲು ಕವರಿನೊಳಗೆ ಅದೇ ಪ್ಲೇಟು ಇದೆಯಾ ನೋಡಿ. ನಗಬೇಡಿ, ಭಕ್ತಿಗೀತೆಯ ಕವರಿನಲ್ಲಿ ಡಿಸ್ಕೋ ಸಿಕ್ಕಿದ್ದುಂಟು. ಅಂಚನ್ನು ಅಂಗೈಗಳ ನಡುವೆ ಹಿಡಿದು ಬೆಳಕಿಗೆ ಓರೆ ಮಾಡಿ. ಗೆರೆಗಳು ಕಪ್ಪಗೆ ಮಿನುಗಬೇಕು. ಬೂದಿ ಬಣ್ಣಕ್ಕೆ ತಿರುಗಿದ್ದರೆ ಭಾರದ ಮುಳ್ಳಿನಲ್ಲಿ ಸವೆದ ಪ್ಲೇಟು ಅಂತ ಅರ್ಥ, ಎಷ್ಟು ತೊಳೆದರೂ ಕರಕರ ಹೋಗದು. ಗೀರಿನ ಮೇಲೆ ಉಗುರನ್ನು ಮೆಲ್ಲಗೆ ಆಡಿಸಿ. ಉಗುರಿಗೆ ತಡೆದರೆ ಹಾಡೂ ಅಲ್ಲಿ ಟಕ್ ಟಕ್ ಅನ್ನುತ್ತದೆ. ನಡುವಿನ ತೂತಿನ ಸುತ್ತ, ಲೇಬಲ್ ಮೇಲೆ ಸಣ್ಣ ಸಣ್ಣ ಗೆರೆಗಳಿವೆಯಾ? ಕತ್ತಲಲ್ಲಿ ಕೀಲಿಯ ತೂತು ಹುಡುಕುವವರ ಹಾಗೆ ಯಾರೋ ನೂರಾರು ಸಲ ಈ ಪ್ಲೇಟು ಹಾಕಿದ್ದಾರೆ. ತುಂಬಾ ಪ್ರೀತಿಸಿದ ಪ್ಲೇಟು ಅದು, ಆದರೆ ಬೆಲೆ ಇಳಿಸಿ ಕೇಳಿ.

ತಂದ ಮೇಲೆ ತೊಳೆಯಿರಿ. ಎಲ್‌ಪಿಗೆ ಡಿಸ್ಟಿಲ್ಡ್ ವಾಟರ್, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ ಸಾಕು. ಗೆರೆ ಸುತ್ತುವ ದಿಕ್ಕಿನಲ್ಲೇ ಒರೆಸಿ, ಲೇಬಲ್ ನೆನೆಸಬೇಡಿ. 78ಕ್ಕೆ ಸ್ಪಿರಿಟ್, ಸ್ಯಾನಿಟೈಸರ್ ತಾಗಿಸಲೇಬೇಡಿ. ಬಡಗಿಗಳು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿಯೇ ಪಾಲಿಶ್ ಮಾಡುವುದು ಅಲ್ವಾ, ನಿಮ್ಮ ಪ್ಲೇಟೂ ಹಾಗೇ ಕರಗುತ್ತದೆ. ತೊಳೆದ ಮೇಲೆ ತಟ್ಟೆ ಒಣಗಿಸುವ ಸ್ಟ್ಯಾಂಡಿನಲ್ಲಿ ನೆರಳಿಗೆ ನಿಲ್ಲಿಸಿ. ಬೇಗ ಒಣಗಲಿ ಅಂತ ಎಲ್‌ಪಿಯನ್ನು ಟೆರೇಸಿನ ಬಿಸಿಲಿಗೆ ಇಟ್ಟರೆ ಸಂಜೆಗೆ ಹಪ್ಪಳದ ಹಾಗೆ ಸೊಟ್ಟಗಾಗಿರುತ್ತದೆ.