ಗಿಟಾರಿಗೆ ಡ್ರಿಲ್ ಮುಟ್ಟಿಸದೆ ಬ್ರಿಡ್ಜ್ ಬದಲಿಸಿದ್ದು

ಗಿಟಾರಿನ ಬ್ರಿಡ್ಜ್, ಅಂದರೆ ಬಾಡಿಯ ಮೇಲೆ ಸ್ಟ್ರಿಂಗ್‌ಗಳು ಕೂರುವ ಲೋಹದ ಭಾಗ, ಬದಲಿಸಬೇಕಾದರೆ ಹಳೇ ಸ್ಕ್ರೂ ತೂತುಗಳಿಗೆ ಮರದ ಬಿರಡೆ ಹೊಡೆದು ಹೊಸದಾಗಿ ಕೊರೆಯಲೇಬೇಕು ಅಂತ ಬೆಂಗಳೂರಿನಲ್ಲಿ ನಾನು ಕೇಳಿದವರೆಲ್ಲ ಹೇಳಿದ್ದರು. ರಿಪೇರಿಯವರೊಬ್ಬರು ಅದಕ್ಕೆ ಮೂರೂವರೆ ಸಾವಿರ ಕೇಳಿದರು, ಪಾಲಿಶ್ ಬೇರೆ. ಈಗ ಹೊಸ ಬ್ರಿಡ್ಜ್ ಕೂತು ವರ್ಷದ ಮೇಲಾಯಿತು. ಮರಕ್ಕೆ ಒಂದು ಗೀರೂ ಬಿದ್ದಿಲ್ಲ.

ನನ್ನದು ಫೆಂಡರ್ ಕಂಪನಿಯ ಸ್ಟ್ರ್ಯಾಟ್ ಮಾದರಿಯ ಅಗ್ಗದ ಎಲೆಕ್ಟ್ರಿಕ್ ಗಿಟಾರ್. ಬ್ರಿಡ್ಜ್ ಆರು ಸ್ಕ್ರೂಗಳ ಟ್ರೆಮೊಲೊ, ಅಂದರೆ ಆರ್ಮ್ ಎಂಬ ಕಂಬಿ ಒತ್ತಿದರೆ ವಾಲಿ ಸ್ವರ ಇಳಿಸುವಂಥದ್ದು. ನೆಕ್ ತುಂಬಾ ಚೆನ್ನಾಗಿದೆ, ಅದಕ್ಕೇ ಮಾರಲು ಮನಸ್ಸಿಲ್ಲ. ಆದರೆ ಬ್ರಿಡ್ಜ್ ಪ್ಲೇಟಿನ ಕೆಳಗೆ ಬಾಡಿಯೊಳಗೆ ಇಳಿಯುವ ಬ್ಲಾಕ್ ತೆಳ್ಳಗಿನ ಜಿಂಕ್ ಎರಕ. ಆರ್ಮ್ ಕೂರುವ ತೂತಿನ ಥ್ರೆಡ್ ಸವೆದು ಲೊಡಲೊಡ ಆಗಿತ್ತು. ಪ್ಲೇಟಿನ ಮೇಲೆ ಒಂದೊಂದು ಸ್ಟ್ರಿಂಗನ್ನು ಹೊರುವ ಸ್ಯಾಡಲ್‌ಗಳಲ್ಲಿ ಎರಡರ ಸ್ಕ್ರೂ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ.

ಈ ಕೆಲಸದಲ್ಲಿ ದುಡ್ಡು ಹೋಗುವುದು ಅಳತೆಯಲ್ಲಿ. ಮೊದಲನೇ ಸ್ಕ್ರೂವಿನಿಂದ ಆರನೆಯದಕ್ಕೆ, ಮಧ್ಯದಿಂದ ಮಧ್ಯಕ್ಕೆ, ಫೆಂಡರ್ ವಿಂಟೇಜ್ ಮಾದರಿಯಲ್ಲಿ ಸುಮಾರು 56 ಮಿ.ಮೀ. ಏಷ್ಯಾದಲ್ಲಿ ತಯಾರಾಗುವ ಅಗ್ಗದ ಗಿಟಾರುಗಳಲ್ಲಿ ಹೆಚ್ಚಾಗಿ 52.5. ಆನ್‌ಲೈನ್ ಮಾರಾಟಗಾರನೊಬ್ಬ 52.5 ಅಂತ ಬರೆದು 56ರದ್ದನ್ನು ಕಳಿಸಿದ. ವಾಪಸ್ ತೆಗೆದುಕೊಳ್ಳಲಿಲ್ಲ. ಎರಡು ಸಾವಿರದ ಎಂಟುನೂರರ ಹತ್ತಿರ ಕೊಟ್ಟಿದ್ದೆ, ಅರ್ಧ ಬೆಲೆಗೆ ಮಾರಿದೆ.

ಎರಡನೆಯದು ಹೊರದೇಶದಿಂದ, ಕಸ್ಟಮ್ಸ್ ಸೇರಿ ನಾಲ್ಕು ಸಾವಿರ ಚಿಲ್ಲರೆ. ಸ್ಕ್ರೂಗಳೆಲ್ಲ ಸರಿಯಾಗಿ ಕೂತವು. ಆದರೆ ಬ್ಲಾಕ್ 42 ಮಿ.ಮೀ. ಉದ್ದ. ನನ್ನ ಗಿಟಾರಿನ ಬಾಡಿ 40ರ ಆಸುಪಾಸು ಅಷ್ಟೇ. ಬ್ಲಾಕ್ ಹಿಂದಿನಿಂದ ಹೊರಗೆ ಬಂತು. ಗಿಟಾರ್ ಮಡಿಲಲ್ಲಿಟ್ಟರೆ ಹೊಟ್ಟೆಗೆ ಚುಚ್ಚುತ್ತಿತ್ತು. ಕೊರೆಯಲೇಬೇಕು ಅಂದಿದ್ದ ಗೆಳೆಯರಿಗೆ ಇದನ್ನು ನೋಡಿ ತಮ್ಮ ಮಾತೇ ಸರಿ ಅನ್ನಿಸಿತು.

ನನಗೆ ಹೊಳೆದದ್ದು ಇಷ್ಟೇ: ಪ್ಲೇಟ್ ಕೊಳ್ಳೋಣ, ಬ್ಲಾಕ್ ಮಾಡಿಸೋಣ. ಪೀಣ್ಯದ ಮಿಲ್ಲಿಂಗ್ ಶಾಪ್‌ಗಳಲ್ಲಿ ಒಂದೇ ಪೀಸ್ ಅಂದರೆ ಮುಖ ತಿರುಗಿಸುತ್ತಾರೆ. ಕೊನೆಗೊಬ್ಬರು ಹಳೆಯ ಬ್ಲಾಕ್ ಕೈಯಲ್ಲಿ ಹಿಡಿದು ನೋಡಿ, "ಮಾಡೋಣ ಬಿಡಿ ಸಾರ್, ಶನಿವಾರ ಬನ್ನಿ" ಅಂದರು. ಎಂಎಸ್ (ಮೈಲ್ಡ್ ಸ್ಟೀಲ್) ತುಂಡಿನಲ್ಲಿ 36 ಮಿ.ಮೀ. ಉದ್ದ. ಸ್ಟ್ರಿಂಗ್ ತೂತು ಆರು, ಕೆಳಗಿನಿಂದ ಸ್ಟ್ರಿಂಗ್ ತುದಿಯ ಗುಂಡು (ಬಾಲ್ ಎಂಡ್) ಕೂರುವಷ್ಟು ಅಗಲ ಮಾಡಿಸಿದ್ದು. ಸ್ಪ್ರಿಂಗಿಗೆ ಐದು, ಆರ್ಮಿಗೆ ಎಂ6 ಟ್ಯಾಪ್ (6 ಮಿ.ಮೀ. ಥ್ರೆಡ್). ಎಲ್ಲ ಸೇರಿ ಒಂಬೈನೂರು ರೂಪಾಯಿ. ತೂಕ ಇನ್ನೂರು ಗ್ರಾಂ ಹತ್ತಿರ ಬಂತು.

ಆರ್ಮ್ ಒತ್ತಿದಾಗ ಬ್ಲಾಕಿನ ತುದಿ ಬಾಡಿಯಲ್ಲಿ ಅದಕ್ಕಾಗಿ ಕೊರೆದ ಗುಳಿಯ (ಕ್ಯಾವಿಟಿ) ಹಿಂಗೋಡೆಗೆ ತಾಗುತ್ತಿತ್ತು. ಮರ ಕೆತ್ತುವ ಮಾತೇ ಇಲ್ಲ. ಬ್ಲಾಕಿನ ಕೆಳಭಾಗವನ್ನೇ ಓರೆಯಾಗಿ ಗ್ರೈಂಡ್ ಮಾಡಿಸಿದೆ. ಅರ್ತ್ ವೈರ್ ಬೆಸುಗೆ ಇರುವುದು ಸ್ಪ್ರಿಂಗ್‌ಗಳನ್ನು ಬಾಡಿಗೆ ಹಿಡಿದಿಡುವ ಕ್ಲಾ ಮೇಲೆ. ಕ್ಲಾ ಬಿಚ್ಚದೆ ಕೆಲಸ ಮುಗಿಸಿದೆ, ಸಾಲ್ಡರಿಂಗ್ ಐರನ್ ಬೇಕಾಗಲಿಲ್ಲ. ಹೊರಗಿನ ಎರಡು ಸ್ಕ್ರೂ ಮಾತ್ರ ಪ್ಲೇಟಿಗೆ ತಾಗುವಷ್ಟು, ಒಳಗಿನ ನಾಲ್ಕು ಕೊಂಚ ಮೇಲೆ. ಪ್ಲೇಟಿನ ಮುಂದಿನ ಅಂಚಿಗೆ ನಾನು ಮಾಡಿದ ಒಂದು ಸಣ್ಣ ಕೆಲಸ ಇದೆ. ಟ್ಯೂನಿಂಗ್ ನಿಲ್ಲುವುದಕ್ಕೆ ಅರ್ಧ ಕಾರಣ ಅದೇ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಸ್ಕ್ರೂ ಜಾಗ ಬದಲಾಗಿಲ್ಲ, ಹಾಗಾಗಿ ಇಂಟೊನೇಶನ್ (ಎಲ್ಲ ಫ್ರೆಟ್ಟಿನಲ್ಲೂ ಸ್ವರ ಸರಿ ಬರುವುದು) ಸುಲಭವಾಗಿ ಸಿಕ್ಕಿತು. 12ನೇ ಫ್ರೆಟ್ಟಿನ ಹಾರ್ಮೊನಿಕ್, ಒತ್ತಿದ ಸ್ವರ ಎರಡೂ ಟ್ಯೂನರಿನಲ್ಲಿ ಒಂದೇ. ಹಳೆಯ ಭಾಗಗಳೆಲ್ಲ ಡಬ್ಬಿಯಲ್ಲಿವೆ, ಬೇಕೆಂದರೆ ಅರ್ಧ ಗಂಟೆಯಲ್ಲಿ ಮೊದಲಿನಂತೆ ಜೋಡಿಸಬಹುದು.

ಅದೇ ಅಳತೆಗೆ ಹಿತ್ತಾಳೆಯದ್ದೂ ಒಂದು ಮಾಡಿಸಿ ನೋಡಿದೆ. ಸಾವಿರದ ಆರುನೂರೋ ಏನೋ ಆಯಿತು. ದಪ್ಪ ಸ್ಟ್ರಿಂಗ್‌ಗಳ ನಾದ ದುಂಡಗೆ ಬಂತು, ಆದರೆ ಸಣ್ಣ ಸ್ಟ್ರಿಂಗಿನ ಚುರುಕು ಕಮ್ಮಿ ಅನ್ನಿಸಿತು. ಸ್ಪ್ರಿಂಗ್ ಮೂರರ ಬದಲು ಐದು ಹಾಕಿದರೆ ಒಂದು ಸ್ಟ್ರಿಂಗನ್ನು ಬೆಂಡ್ ಮಾಡುವಾಗ (ಬದಿಗೆ ಎಳೆಯುವಾಗ) ಪಕ್ಕದ ಸ್ಟ್ರಿಂಗಿನ ಸ್ವರ ಇಳಿಯುವುದು ಕಮ್ಮಿಯಾಗುತ್ತದೆ, ಆರ್ಮ್ ಮಾತ್ರ ಕಲ್ಲಿನಂತಾಗುತ್ತದೆ. ನಾನು ಎಂಎಸ್ ಬ್ಲಾಕ್, ಮೂರು ಸ್ಪ್ರಿಂಗಿಗೇ ವಾಪಸ್ ಬಂದೆ. ಬಿರಡೆ ಹೊಡೆಸಲು ಹೊರಟಿದ್ದ ಗೆಳೆಯ ಹಿತ್ತಾಳೆ ಬ್ಲಾಕನ್ನು ಕೇಳಿ ತೆಗೆದುಕೊಂಡು ಹೋದ.